ಹಳ್ಳದ ಮೇಲಿನ ಬಿಳಿ ಕೆರೆ

ಹೋದ ವಾರ ಮನೆಗೆ ಸುಣ್ಣ ಹಚ್ಚಲು ಬಂದವರು ಅಂಗಳದಲ್ಲಿ ಸುಣ್ಣದ ಕಲ್ಲಿಗೆ ನೀರು ಹೊಯ್ದರು. ಅದು ಕೊತಕೊತ ಕುದ್ದು, ಗಂಟಲು ಹಿಡಿಯುವ ವಾಸನೆ ಎದ್ದದ್ದೇ ತಡ, ಕೈಯಲ್ಲಿದ್ದ ಮೊರ ಕೆಳಗಿಟ್ಟು ಕೂತುಬಿಟ್ಟೆ. ಪಕ್ಕದ ಮನೆಯ ಅಕ್ಕ ನೆನಪಾದಳು. ಅವಳ ಗಂಡ ಕೆಲಸದಿಂದ ಬಂದು ಕಟ್ಟೆಯ ಮೇಲೆ ಕೂತರೆ ನಮ್ಮ ಪಡಸಾಲೆಯವರೆಗೂ ಇದೇ ವಾಸನೆ ಬರುತ್ತಿತ್ತು...

ನಾನು ಮದುವೆಯಾಗಿ ಆ ಊರಿಗೆ ಹೋದದ್ದು ಅರವತ್ತರ ದಶಕದ ಕೊನೆಗೆ. ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ರಸ್ತೆಯಲ್ಲಿ ಇಳಿದು, ಒಳಗೆ ನಡೆದು ಹೋಗಬೇಕಾದ ಊರು. ಸಿಂಧನೂರಿನ ಕಡೆ ಕಾಲುವೆ ಬಂದು ಭತ್ತ ಬೆಳೆಯುತ್ತಿದ್ದರು. ನಮ್ಮ ಕಡೆ ಕುಡಿಯುವ ನೀರಿಗೂ ಹಳ್ಳವೇ ಗತಿ. ಮರಳಲ್ಲಿ ಒರತೆ ತೋಡಿ, ಊರಿದ ನೀರನ್ನು ಚರಿಗೆಯಿಂದ ಕೊಡಕ್ಕೆ ತುಂಬಿಕೊಳ್ಳುತ್ತಿದ್ದೆವು. ಹೊಸ ಸೊಸೆಯಾದ ನನಗೆ ಒರತೆಯ ದಾರಿ ತೋರಿಸಿದವಳು ಅಕ್ಕ. ಅತ್ತೆ ಬೈದ ದಿನ ಬಿಸಿ ರೊಟ್ಟಿಯ ಮೇಲೆ ಪುಂಡಿಪಲ್ಲೆ ಇಟ್ಟು ಗೋಡೆಯ ಮೇಲಿಂದ ಕೊಡುತ್ತಿದ್ದಳು. ನಕ್ಕರೆ ಓಣಿಗೆಲ್ಲ ಕೇಳಿಸುತ್ತಿತ್ತು.

ಊರ ಮೇಲಿನ ಗುಡ್ಡದಲ್ಲಿ ಹಿಂದಿನ ಕಾಲದವರು ಬಂಗಾರಕ್ಕಾಗಿ ಅಗೆದು ಬಿಟ್ಟ ಮಣ್ಣಿನ ಗುಡ್ಡೆಗಳಿದ್ದವು. ಎಲ್ಲಿಂದಲೋ ಬಂದ ಗುತ್ತೇದಾರನೊಬ್ಬ ಆ ಮಣ್ಣನ್ನು ಮತ್ತೆ ತೊಳೆದು, ಉಳಿದ ಚೂರುಪಾರು ಬಂಗಾರ ತೆಗೆಯುತ್ತೇನೆಂದು ತೊಟ್ಟಿಗಳನ್ನು ಕಟ್ಟಿಸಿದ. ಮಣ್ಣಿಗೆ ಸುಣ್ಣ ಬೆರೆಸಿ, ಸಯನೈಡ್ ಎಂಬ ವಿಷದ ನೀರಲ್ಲಿ ತೊಳೆಯುವ ಕೆಲಸ. ಹಟ್ಟಿಯ ಬಂಗಾರದ ಗಣಿಯಲ್ಲಿ ಕೆಲಸ ಸಿಗದೆ ತಿರುಗಿ ಬಂದಿದ್ದವರೆಲ್ಲ ಅಲ್ಲಿ ಸೇರಿದರು. ಅಕ್ಕನ ಗಂಡನೂ ಸೇರಿದ. ತೊಳೆದು ಉಳಿದ ರಾಡಿಯನ್ನು ಗುಡ್ಡದ ಬುಡದಲ್ಲಿ ಬರೀ ಎರೆಮಣ್ಣಿನ ಒಡ್ಡು ಹಾಕಿ ನಿಲ್ಲಿಸಿದರು. ಅಂಚಿನಲ್ಲಿ ಒಣಗಿ ಬೆಳ್ಳಗಾಗುತ್ತಿದ್ದುದರಿಂದ ಜನ ಅದನ್ನು ಬಿಳಿ ಕೆರೆ ಎಂದರು. ಅದರ ಕೆಳಗೇ ನಮ್ಮ ಹಳ್ಳ.

ಮೊದಲು ಸತ್ತದ್ದು ಅಕ್ಕನ ಆಡುಗಳು. ಬಿಳಿ ಕೆರೆಗೆ ಬಾಯಿ ಹಚ್ಚಿ, ನಾಲ್ಕು ಹೆಜ್ಜೆ ಇಡುವುದರೊಳಗೆ ಕಾಲು ಬಡಿದು ಬಿದ್ದವು. ಬಾಡಿದ ಎಳೇ ಜೋಳ ತಿಂದರೂ ದನಕರು ಹೀಗೇ ಸಾಯುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಗುತ್ತೇದಾರನ ಗುಮಾಸ್ತ ಅದನ್ನೇ ಹಿಡಿದುಕೊಂಡ: "ಜ್ವಾಳ ಮೇದಾವು, ಸತ್ತಾವು." ಜೋಳದ ಹೊಲ ಊರಿನ ಆಚೆ ದಿಕ್ಕಿಗಿತ್ತು. ಆದರೂ ಊರು ಗುಮಾಸ್ತನ ಮಾತನ್ನೇ ನಂಬಿತು. ನಂಬುವುದು ಊರಿಗೆ ಬೇಕಾಗಿತ್ತು.

ಆಡು ಹೋದದ್ದಕ್ಕೆ ಅಕ್ಕ ಅಳಲಿಲ್ಲ. ಅವಳ ಜೀವ ಹಳ್ಳದ ಮೇಲಿತ್ತು. "ತಂಗೀ, ಆ ಒಡ್ಡು ಒಡದು ರಾಡಿ ಹಳ್ಳಕ್ಕ ಇಳದ್ರ ನಮ್ಮ ಗತಿ ಏನಬೇ?" ಎಂದು ದಿನಾ ಕೇಳುತ್ತಿದ್ದಳು. ಒಡ್ಡಿಗೆ ಕಲ್ಲು ಕಟ್ಟಿಸಿ, ಸುತ್ತ ಬೇಲಿ ಹಾಕಿಸಿ ಎಂದು ಗುತ್ತೇದಾರನ ಕಾಲು ಹಿಡಿದಳು. ನನ್ನನ್ನೂ ಕರೆದುಕೊಂಡು ಲಿಂಗಸುಗೂರಿನ ಕಚೇರಿಗೆ ಹೋದಳು. ತಪಾಸಣೆಗೆ ಜೀಪು ಬಂತು. ಸಾಹೇಬರು ದೂರದಿಂದ ನೋಡಿ, ಚಹಾ ಕುಡಿದು ಹೋದರು. ಆಮೇಲೆ ಊರಿನ ಹೆಂಗಸರೇ ಅವಳ ಮೇಲೆ ಬಿದ್ದರು. "ನಿನ್ನ ಬಾಯಿಂದ ಕಾರ್ಖಾನಿ ಬಂದಾದ್ರ ನಮ್ಮ ಮಕ್ಕಳ ಬಾಯಾಗ ಮಣ್ಣು ಹಾಕ್ತೀಯೇನಲೇ?" ಎಂದಳು ಒಬ್ಬಳು. ಅಕ್ಕ ನಗುವುದನ್ನು ಬಿಟ್ಟಳು... ಮೋಡ ಕಂಡರೆ ಒಡ್ಡು ನೋಡಲು ಗುಡ್ಡದ ಕಡೆ ಓಡುತ್ತಿದ್ದಳು.

ಆ ವರ್ಷ ಉತ್ತರಿ ಮಳೆ ಬಿಡದೆ ಹಿಡಿಯಿತು. ಒಂದು ಮುಂಜಾನೆ, ಒಡ್ಡು ಬಿರಿದಿದೆ, ಮರಳಿನ ಚೀಲ ಹಾಕಬೇಕು, ಗಂಡಸರು ಬರ್ರಿ ಎಂದು ಓಣಿಯಲ್ಲಿ ಕೂಗಿಕೊಂಡು ಬಂದರು. ಅಕ್ಕನ ಗಂಡ ಸಲಿಕೆ ತೆಗೆದುಕೊಂಡ. ಅಕ್ಕ ಅವನ ಅಂಗಿ ಹಿಡಿದು ನಿಂತದ್ದನ್ನು ನಾನು ಬಾಗಿಲಿಂದ ನೋಡಿದೆ.

"ಹೋಗಬ್ಯಾಡ್ರೀ... ಅದು ನಿಲ್ಲೂದಿಲ್ರೀ."

"ನಾ ಹೋಗದಿದ್ರ ರಾಡಿ ಹಳ್ಳಕ್ಕ ಇಳೀತೈತಿ. ನೀನ ಹೇಳ್ತಿದ್ದಿಲ್ಲೇನು?"

ಆ ಮಾತಿಗೆ ಅವಳ ಕೈ ಸಡಿಲಾಯಿತು. ಅವನು ಹೋದ. ಅಕ್ಕ ಒಂದು ಗಳಿಗೆ ಮಳೆಯಲ್ಲೇ ನಿಂತಿದ್ದು, ಆಮೇಲೆ ನನ್ನ ರಟ್ಟೆ ಹಿಡಿದು ಹಳ್ಳದ ಕಡೆ ಓಡಿದಳು. ನೀರಿಗೆ ಬಂದ ಹೆಂಗಸರ ಎದುರು ಒರತೆಯ ದಾರಿಗೆ ಅಡ್ಡ ನಿಂತು ಎರಡೂ ಕೈ ಚಾಚಿದಳು. "ಇಳೀಬ್ಯಾಡ್ರೀ, ನಿಮ್ಮ ಮಕ್ಕಳಾಣಿ, ನೀರು ಮುಟ್ಟಬ್ಯಾಡ್ರೀ!" ಬೈದವರ ಕೊಡ ಕಸಿದುಕೊಂಡಳು. ಒಬ್ಬಳು ಅವಳನ್ನು ನೂಕಿದಳು. ಬಿದ್ದವಳು ಮತ್ತೆ ಎದ್ದು ಅಲ್ಲೇ ನಿಂತಳು. ಅಷ್ಟರಲ್ಲಿ ಹಳ್ಳದ ಕೆಂಪು ನೀರು ಕಣ್ಣೆದುರೇ ಬೂದಿ ಕದಡಿದಂತೆ ಬೆಳ್ಳಗಾಯಿತು. ಸಣ್ಣ ಮೀನುಗಳು ಹೊಟ್ಟೆ ಮೇಲಾಗಿ ತೇಲಿಬಂದವು. ಕೊಡ ಹಿಡಿದವರು ಹಿಂದೆ ಸರಿದರು.

ಒಡ್ಡು ಕುಸಿದಾಗ ಅದರ ಬುಡದಲ್ಲಿ ಚೀಲ ಇಡುತ್ತಿದ್ದವನು ಅವಳ ಗಂಡ. ಉಳಿದವರು ದಂಡೆ ಹತ್ತಿದರು, ಅವನು ರಾಡಿಯಡಿ ಸಿಕ್ಕಿಬಿದ್ದ. ಸುದ್ದಿ ಬಂದಾಗಲೂ ಅಕ್ಕನ ಕೈಗಳು ಚಾಚಿಕೊಂಡೇ ಇದ್ದವು. ಅವನ್ನು ನಾನು ಇಳಿಸಬೇಕಾಯಿತು.

ಆ ದಿನ ಊರಲ್ಲಿ ಯಾರೂ ಆ ನೀರು ಕುಡಿಯಲಿಲ್ಲ. ಗುತ್ತೇದಾರ ತೊಟ್ಟಿ ಬಿಟ್ಟು ಓಡಿಹೋದ. ಮಳೆಯಿಂದ ಒಡ್ಡು ಒಡೆಯಿತೆಂದು ಬರೆದುಕೊಂಡು ಜೀಪಿನವರೂ ಹೋದರು. ಕೂಲಿ ನಿಂತ ಸಿಟ್ಟಿಗೋ ಏನೋ, ಅಕ್ಕನ ಮನೆಗೆ ಮಾತಾಡಿಸಲು ಬಂದವರು ಕಡಿಮೆ. ಕೆಲವು ತಿಂಗಳಿಗೆ ಅವಳು ಭತ್ತದ ನಾಟಿಗೆ ಹೋಗುವವರ ಜೊತೆ ಸಿಂಧನೂರಿನ ಕಡೆ, ಹೊರಗಿನಿಂದ ಬಂದ ರೈತರು ನೆಲೆಸಿದ್ದ ಕ್ಯಾಂಪಿಗೆ ಹೊರಟಳು. ತಡೆಯಲು ಹೋದ ನನಗೆ, "ಇಲ್ಲೀ ನೀರು ಗಂಟಲಾಗ ಇಳಿಯವಲ್ದು, ತಂಗೀ" ಎಂದಷ್ಟೇ ಹೇಳಿದಳು. ಮತ್ತೆ ಬರಲಿಲ್ಲ. ನಾಟಿಗೆ ಹೋಗಿ ಬಂದವರನ್ನೆಲ್ಲ ಕೇಳಿದೆ. ಆ ಕ್ಯಾಂಪು ಬಿಟ್ಟಳಂತೆ, ಎಲ್ಲಿಗೆ ಹೋದಳೋ...

ನಾವೂ ಮುಂದೆ ಆ ಊರು ಬಿಟ್ಟು ಮಸ್ಕಿಗೆ ಬಂದೆವು. ಮೊನ್ನೆ ಮನಸ್ಸು ತಡೆಯದೆ ಆಟೋ ಹತ್ತಿ ಹೋಗಿಬಂದೆ. ಗುಡ್ಡದ ಬುಡದಲ್ಲಿ ಹುಲ್ಲಿಲ್ಲದ ಬಿಳಿ ಬಯಲು ಹಾಗೇ ಬಿದ್ದಿದೆ. ಅಕ್ಕ ಬೇಡಿದ ಬೇಲಿ ಇವತ್ತಿಗೂ ಇಲ್ಲ. ಬಯಲಿನ ಅಂಚಿಗೆ ಬೋರಿಂಗು ಹಾಕಿದ್ದಾರೆ; ಎಳೆಯ ಹುಡುಗಿಯೊಬ್ಬಳು ಕೊಡ ತುಂಬುತ್ತಿದ್ದಳು. ಮಣ್ಣಲ್ಲಿ ಇನ್ನೂ ಏನು ಉಳಿದಿದೆಯೋ ನನಗೆ ತಿಳಿಯದು, ಪರೀಕ್ಷೆ ಮಾಡಿ ನೋಡಿದವರೂ ಇಲ್ಲ. ನಡೆದದ್ದನ್ನು ಅವಳಿಗೆ ಹೇಳಿದೆ. ಕೊಡವನ್ನು ಸೊಂಟಕ್ಕೇರಿಸಿಕೊಂಡು ಪೂರಾ ಕೇಳಿದಳು.

"ಬ್ಯಾರೆ ನೀರು ಎಲ್ಲಿ ಅದಾವ್ರೀ ಅಮ್ಮಾ?" ಎಂದಳು.

ದಾರಿಗೆ ಅಡ್ಡ ನಿಲ್ಲಲು ನನ್ನಿಂದ ಆಗಲಿಲ್ಲ. ಅವಳು ಹೋದಳು.