ರೋವೆನಾಳ ಚುಕ್ಕಾಣಿ ದಂಡ

ಕ್ಲೆಮ್ ಪೆನ್‌ರೋಸ್ ಒಂದು ಕಡೆ ಸುಮ್ಮನೆ ನಿಂತದ್ದನ್ನು ನಾನು ನೋಡಿದ್ದು ಒಂದೇ ಸಲ. ಪೋರ್ಟ್ ಲಿಂಕನ್ ಬಂದರಿನ ದೋಣಿ ರಿಪೇರಿ ಶೆಡ್ಡಿನಲ್ಲಿ, ತಿರುಗುವ ಕಟರಿನಿಂದ ಲೋಹ ಕೊರೆಯುವ ಮಿಲ್ಲಿಂಗ್ ಯಂತ್ರ ಅವನದು, ಪಕ್ಕದ ಲೇತ್ ನನ್ನದು. ಕಟರ್ ತಿರುಗುವಷ್ಟು ಹೊತ್ತೂ ಅವನು ಕಾಲು ಸುಟ್ಟ ಬೆಕ್ಕಿನಂತೆ ಯಂತ್ರವನ್ನು ಸುತ್ತುತ್ತಿದ್ದ. ಕಟರಿನ ವೇಗ ಎಷ್ಟಿರಬೇಕು, ಅದರ ಬಾಯಿಗೆ ಲೋಹವನ್ನು ಎಷ್ಟು ಬೇಗ ಉಣಿಸಬೇಕು ಎಂಬುದನ್ನು ಗೋಡೆಯ ಪಟ್ಟಿ ನೋಡಿ ಶುರುಮಾಡಿ, ಆಮೇಲೆ ಯಂತ್ರದ ಸದ್ದು ಕೇಳಿ ಕಿವಿಯ ಲೆಕ್ಕಕ್ಕೆ ಬಿಡುತ್ತಿದ್ದ. ಅವನ ಸುತ್ತಾಟಕ್ಕೆ ನನಗೆ ತಲೆಚಿಟ್ಟು ಹಿಡಿಯುತ್ತಿತ್ತು.

ಆ ದಿನವಂತೂ ಮಿತಿ ಮೀರಿತ್ತು. ಯಂತ್ರದ ಮೇಲಿದ್ದುದು ಅವನ ಮಗಳು ರೋವೆನಾಳ ದೋಣಿಯ ಚುಕ್ಕಾಣಿ ದಂಡ. ಮರುದಿನ ಸಿಗಡಿ ಹಂಗಾಮು ಶುರು. ಮೊದಲ ಬಾರಿಗೆ ಅವಳೇ ದೋಣಿ ನಡೆಸಿಕೊಂಡು ಹೋಗುವವಳು. ಕ್ಲೆಮ್ಮನ ತಮ್ಮ ಇದೇ ಸಮುದ್ರಕ್ಕೆ ಹೋದವನು ಮರಳಿರಲಿಲ್ಲ. ದಂಡದಲ್ಲಿ ಬೆಣೆ ಕೂರುವ ಕಾಲುವೆ ಕೊರೆಯಬೇಕಿತ್ತು. ಸ್ಟೇನ್‌ಲೆಸ್ ಉಕ್ಕು, ಕೆಟ್ಟರೆ ಬದಲಿ ದಂಡ ಊರಿನಲ್ಲೇ ಇಲ್ಲ.

ಕ್ಲೆಮ್ ಹೆದರಿ ಹೆದರಿ, ತೀರಾ ನಿಧಾನ ಉಣಿಸತೊಡಗಿದ. ಹೊಸಬರು ಮಾಡುವ ತಪ್ಪು ಅದು. ಕಟರ್ ಕಚ್ಚದೆ ಬರೀ ಉಜ್ಜಿದರೆ ಈ ಉಕ್ಕಿನ ಮೈ ಇನ್ನಷ್ಟು ಗಟ್ಟಿಯಾಗಿ, ಕಟರಿನ ಹಲ್ಲನ್ನೇ ತಿನ್ನುತ್ತದೆ. ಯಂತ್ರ ಕಿರುಚಿತು, ಕಾಲುವೆಯ ತಳ ಕನ್ನಡಿಯಂತೆ ಹೊಳೆಯಿತು. ಜಾಸ್ತಿ ಉಣಿಸು ಎಂದು ನಾನು ಹೇಳಿದ್ದಕ್ಕೆ, ನಿನ್ನ ಲೇತ್ ನೀನು ನೋಡಿಕೋ ಎಂದು ಗದರಿದ. ನನಗೂ ರೇಗಿತು.

ಅಷ್ಟರಲ್ಲಿ ಅಪ್ಪನ ಊಟಕ್ಕೆ ಮಾಂಸ ತುಂಬಿದ ಪೈ ಹಿಡಿದುಕೊಂಡು ರೋವೆನಾ ಬಂದಳು. ಈ ಶೆಡ್ಡಿನ ಸದ್ದಿನಲ್ಲೇ ಬೆಳೆದವಳು, ಬಾಗಿಲಲ್ಲೇ ನಿಂತು ಕಿವಿಗೊಟ್ಟಳು.

"ಬೇರೆಯವರ ದೋಣಿ ಆಗಿದ್ರೆ ಹಿಂಗೆ ಸವರ್ತಾ ಇರ್ತಿದ್ಯಾ ಅಪ್ಪ?"

ಕ್ಲೆಮ್ ಯಂತ್ರ ನಿಲ್ಲಿಸಿದ. "ಹಾಳಾದ್ರೆ ಆಗ್ಲಿ ಅಂತ ಒಂದು ಮನಸ್ಸು ಹೇಳ್ತಿದೆ ಕಣೆ. ಆಗ ನಾಳೆ ನೀನು ಹೋಗೋಕಾಗಲ್ಲ."

"ಹೋಗ್ತೀನಿ. ನಾಳೆ ಅಲ್ದಿದ್ರೆ ಮುಂದಿನ ವಾರ. ಬೇರೆ ಯಾರೋ ಕೊರೆದ ದಂಡ ಹಾಕ್ಕೊಂಡು."

ಅವನು ಅವಳ ಮುಖ ನೋಡಲಿಲ್ಲ. ಹೊಸ ಕಟರ್ ಹಾಕಿದ, ಅದು ತಿರುಗುವ ವೇಗ ತಗ್ಗಿಸಿದ, ಗಟ್ಟಿಯಾದ ಪದರದ ಅಡಿಗೆ ಕಟರನ್ನು ಇಳಿಸಿ ಧಾರಾಳವಾಗಿ ಉಣಿಸಿದ. ಕಿರುಚಾಟ ಗುನುಗಾಯಿತು, ದಪ್ಪ ಚೂರುಗಳು ಉದುರಿದವು. ಕಾಲುವೆ ಮುಗಿಯುವವರೆಗೂ ಅವನು ಹಿಡಿಯ ಮೇಲೆ ಕೈಯಿಟ್ಟು ಅಲುಗದೆ ನಿಂತಿದ್ದ.

ಮರುದಿನ ರೋವೆನಾಳ ದೋಣಿ ಹೊರಟ ಮೇಲೆ, ಕ್ಲೆಮ್ ಬಂದರಿನ ಕಟ್ಟೆಯ ಈ ತುದಿಯಿಂದ ಆ ತುದಿಗೆ ಓಡಾಡತೊಡಗಿದ. ನನಗೆ ಅಂದು ರೇಗಲಿಲ್ಲ. ನಾನೂ ಅವನ ಜೊತೆ ನಡೆದೆ.