ಕರೆದದ್ದು ಕೇಳದೆ ಮಲಗಿದ ಯಂತ್ರ

ದಾಂಡೇಲಿಯ ಅಂಬೇವಾಡಿಯಲ್ಲಿ ನಾವಿದ್ದ ಮನೆ ನಮ್ಮದಲ್ಲ, ಕಾರ್ಖಾನೆಯದು. ಊರಿನ ದೊಡ್ಡ ಕಾರ್ಖಾನೆಗಳ ಲೆಕ್ಕಕ್ಕೆ ಬಾರದ, ರಟ್ಟು ಮಾಡುವ ಸಣ್ಣ ಕಾರ್ಖಾನೆ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಮನೆಯವರು ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದರು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಹೊಸದಾಗಿ ತಂದ ಕಂಪ್ಯೂಟರ್ ಯಂತ್ರ ಅವರ ಕೈಯಲ್ಲಿ ನೆಟ್ಟಗೆ ನಡೆದರೆ ಕಾಯಂ. ನಡೆಯದಿದ್ದರೆ ನೌಕರಿಯೂ ಇಲ್ಲ, ಮನೆಯೂ ಇಲ್ಲ. ಮಾಲಕರು ಇದನ್ನು ಮುಚ್ಚುಮರೆ ಇಲ್ಲದೆ ಹೇಳಿದ್ದರು. ಅದೂ ಒಂದು ಉಪಕಾರವೇ ಎಂದು ನಾನು ಅಂದುಕೊಂಡೆ. ಹೇಳದೆ ಹೊರಗೆ ಹಾಕುವವರೂ ಇರುತ್ತಾರೆ. ಆ ಮನೆಯ ಹಂಚು ಸೋರುತ್ತಿದ್ದದ್ದೂ ಅಡಿಗೆಮನೆಯ ಮೂಲೆಯಲ್ಲಿ ಮಾತ್ರ, ದೇವರ ಜಗಲಿಯ ಮೇಲೆ ಒಂದು ಹನಿಯೂ ಬೀಳುತ್ತಿರಲಿಲ್ಲ.

ಅವರ ಕೆಲಸ ಏನೆಂದು ಹೇಳಿಬಿಡುತ್ತೇನೆ. ರಟ್ಟಿನ ದೊಡ್ಡ ಸುರುಳಿಗಳು ತಳ್ಳುಗಾಡಿಯಲ್ಲಿ ಬಂದು ತಕ್ಕಡಿಯ ಮೇಲೆ ಕೂರುತ್ತಿದ್ದವು. ಕಂಪ್ಯೂಟರು ತೂಕ ಓದಿ ಚೀಟಿ ಅಚ್ಚು ಹಾಕಬೇಕು, ಆ ಚೀಟಿ ಅಂಟಿಸಿಕೊಂಡು ಸುರುಳಿ ಮುಂದೆ ಹೋಗಬೇಕು. ಪ್ರೋಗ್ರಾಮ್ ಒಂದೇ, ಆದರೆ ಅದರೊಳಗೆ ಎರಡು ಎಳೆಗಳು ಒಟ್ಟೊಟ್ಟಿಗೆ ನಡೆಯುತ್ತವೆ ಎಂದು ಇವರು ಹೇಳುತ್ತಿದ್ದರು. ಒಂದು ಎಳೆ ತೂಕದ ಕಡೆ, ಇನ್ನೊಂದು ಚೀಟಿಯ ಕಡೆ. ತೂಕದ ಎಳೆ ಸನ್ನೆ ಮಾಡಿದಾಗ ಚೀಟಿಯ ಎಳೆ ಏಳಬೇಕು. ಅದು ತನ್ನ ಕೆಲಸ ಮುಗಿಸಿ ತಿರುಗಿ ಸನ್ನೆ ಮಾಡುವ ತನಕ ತೂಕದ ಎಳೆ ಮಲಗಿರಬೇಕು.

ಹಳೆಯ ಯಂತ್ರದಲ್ಲಿ ಇದು ವರ್ಷಗಟ್ಟಲೆ ಚೆನ್ನಾಗಿ ನಡೆದಿತ್ತು. ಆಮೇಲೆ ಅದಕ್ಕೆ ಬಿಡಿಭಾಗ ಸಿಗದಂತಾಯಿತು. ಮಾಲಕರು ಬೇರೆ ಕಡೆಯಿಂದ, ಬೇರೆ ಜಾತಿಯ ಯಂತ್ರ ತರಿಸಿದರು. ಇವರು ಅದಕ್ಕೆ ಹೆದರಲಿಲ್ಲ. ಮೊದಲೇ ವಿಚಾರ ಮಾಡಿ, ಎಳೆಗಳು ತಮ್ಮೊಳಗೆ ಆಡುವ ಮಾತನ್ನೆಲ್ಲ ತಮ್ಮದೇ ಮೂರು ಪದಗಳಲ್ಲಿ ಬರೆದಿಟ್ಟಿದ್ದರು: ಕಾಯು, ಕರೆ, ಅಳಿಸು. ಅಳಿಸು ಎಂದರೆ ಮುಗಿದ ಸನ್ನೆಯನ್ನು ತೆಗೆದುಹಾಕು. ಯಂತ್ರ ಬದಲಾದರೆ ಆ ಮೂರು ಪದಗಳ ಕೆಳಗಿನದನ್ನು ಮಾತ್ರ ಬದಲಿಸಿದರಾಯಿತು, ಮೇಲಿನದಕ್ಕೆ ಕೈ ಹಚ್ಚುವುದು ಬೇಡ.

"ಎತ್ತು ಬದಲಾದ್ರೂ ಗಾಡಿ ಅದ ಇರ್ತೈತಿ, ತಿಳೀತೇನು?" ಎಂದು ಊಟಕ್ಕೆ ಕೂತು ನಗುತ್ತಿದ್ದರು. ಹೊಸ ಯಂತ್ರದ ಮೇಲೆ ಮೊದಲ ಚೀಟಿ ಬಂದ ದಿನ ನಾನು ರವೆ ಬೆಲ್ಲದ ಸಜ್ಜಕ ಮಾಡಿ ನಮ್ಮ ದೇವರು ಉಳವಿಯಪ್ಪನ ಹೆಸರಿನಲ್ಲಿ ಎಡೆ ಹಿಡಿದೆ. ಅವರು ಎರಡು ಸಲ ಬಡಿಸಿಕೊಂಡರು.

ಸಜ್ಜಕದ ಪಾತ್ರೆ ತೊಳೆದು ಬೋರಲು ಹಾಕಿದ ಮರುದಿನವೇ ಪಕ್ಕದ ಮನೆಯವಳು ಬಾಗಿಲಿಗೆ ಬಂದಳು. ಹಳಿಯಾಳ ಕಡೆಯ ಸಿದ್ದಿ ಮನೆತನದವಳು, ಬಾಯಿ ಜೋರು, ಮನಸ್ಸು ಬೆಣ್ಣೆ. ಅವಳ ಗಂಡ ಅದೇ ತಕ್ಕಡಿಯ ಹತ್ತಿರ ತಳ್ಳುಗಾಡಿ ನೂಕುತ್ತಿದ್ದ. ಸುದ್ದಿ ನನಗಿಂತ ಮೊದಲು ಅವಳಿಗೆ ಬರುತ್ತಿತ್ತು.

"ಅಕ್ಕಾರ, ಕೇಳಿದ್ರೇನು? ಸಾಹೇಬ್ರ ಮಷೀನ್ ಮಕ್ಕೊಂಡತಂತ."

"ಮಕ್ಕೊಳ್ಳೂದಂದ್ರ?"

"ಅಂದ್ರ ಮಕ್ಕೊಳ್ಳೂದರೀ, ನಮ್ಮ ಮನಿಯಾವನ ಗತೆ. ಸುರುಳಿ ತಕ್ಕಡಿ ಮ್ಯಾಲ ಕುಂತೈತಿ, ಚೀಟಿ ಬರವಲ್ದು. ಹಿಂದ ಗಾಡಿಗೋಳು ಸಾಲಗಟ್ಟಿ ನಿಂತಾವು. ಸಾಹೇಬ್ರು ಬಂದ್ ಮಾಡಿ ಚಾಲೂ ಮಾಡಿದ್ರ ಎದ್ದು ಕುಂತತಂತ. ನಮ್ಮಾವನ್ನ ಹಂಗ ಮಾಡಾಕ ಬರೂದಿಲ್ಲಲ್ಲ, ಅದೊಂದ ದುಃಖ ನೋಡ್ರಿ."

ಅವಳು ನಕ್ಕಳು, ನಾನೂ ನಕ್ಕೆ. ಇವರು ಮನೆಗೆ ಬಂದಾಗ ಮುಖ ನೋಡಿ ನಗು ನಿಂತುಹೋಯಿತು.

ಮುಂದೆ ಅದು ರೂಢಿಯೇ ಆಯಿತು. ಬೆಳಗಿನಿಂದ ಚಲೋ ನಡೆಯುವುದು, ಯಾವಾಗಲೋ ಒಂದು ಸಲ ನಿಂತುಬಿಡುವುದು. ಕೆಲವು ದಿನ ನಿಲ್ಲುತ್ತಲೇ ಇರಲಿಲ್ಲ. ಆಗ ಇವರಿಗೆ ಇನ್ನೂ ಹೆದರಿಕೆ.

ಒಂದು ಸಂಜೆ ಚಹಾದ ಬಟ್ಟಲು ಆರುವ ತನಕ ಹಿಡಿದುಕೊಂಡೇ ಕೂತಿದ್ದರು. ನಾನು ಕೇಳಿದೆ, "ಆ ಎರಡೂ ಎಳಿ ಏನ್ ಮಾಡ್ತಾವ್ರಿ, ನಿಂತಾಗ?"

"ಎರಡೂ ಕಾಯ್ತಾವು," ಎಂದರು. "ಇದು ಅದು ಕರೀಲಿ ಅಂತೈತಿ, ಅದು ಇದು ಕರೀಲಿ ಅಂತೈತಿ. ಕರಿಯೂದು ಆಗೇ ಹೋಗಿರ್ತೈತಿ."

ನನಗೆ ತಿಳಿಯಲಿಲ್ಲ. ಆಗ ಅವರು ನಮ್ಮ ಸಾಲಿನ ನಳದ ಮಾತು ತೆಗೆದರು. ನಾಲ್ಕಾರು ಮನೆಗೆ ಒಂದೇ ನಳ. ನೀರು ಯಾವಾಗ ಬರುತ್ತದೆಂದು ಹೇಳುವ ಹಾಗಿಲ್ಲ. ಮೊದಲು ಕಂಡವರು ತಾಟು ಬಡಿಯುವ ಪದ್ಧತಿ ಇತ್ತು. ನಾನು ಪೂಜೆಗೆ ಕೂತಿದ್ದರೆ, ಇಲ್ಲವೇ ಹಿತ್ತಲಲ್ಲಿ ಅರಿವೆ ಒಗೆಯುತ್ತಿದ್ದರೆ ಆ ಸದ್ದು ನನಗೆ ಕೇಳಿಸುತ್ತಿರಲಿಲ್ಲ. ಕೊಡ ಹಿಡಿದು ಹೋಗುವುದರಲ್ಲಿ ನಳ ಬುಸ್ ಎನ್ನುತ್ತಿತ್ತು. ಇದೇ ಜಗಳವಾಗಿ, ಪಕ್ಕದವಳು ನಳದ ಪಕ್ಕದ ಕಂಬಕ್ಕೆ ಒಂದು ಕೆಂಪು ಅರಿವೆ ಕಟ್ಟುವ ಪದ್ಧತಿ ತಂದಳು. ನೀರು ಬಂದಾಗ ಕಟ್ಟುವುದು, ಹೋದಾಗ ಬಿಚ್ಚುವುದು. ತಡವಾಗಿ ಬಂದವರಿಗೂ ಕಾಣುತ್ತದೆ.

"ಹಳೇ ಮಷೀನಿನೊಳಗ ಕರಿಯೂದಂದ್ರ ಅರಿವಿ," ಎಂದರು ಇವರು. "ಒಮ್ಮೆ ಹಾಕಿದ್ರ ನೋಡೂತನಾ ಅಲ್ಲೇ ಇರ್ತಿತ್ತು. ಹೊಸದ್ರಾಗ ಕರಿಯೂದಂದ್ರ ತಾಟು. ಬಡದಾಗ ಮಕ್ಕೊಂಡಾವ ಏಳ್ತಾನ. ಇನ್ನೂ ಮಕ್ಕೊಂಡಿಲ್ಲಂದ್ರ ಸದ್ದು ಗಾಳಿಗೆ ಹೋತು. ಆಮ್ಯಾಲ ಮಕ್ಕೊಂತಾನಲ್ಲ, ಅವನ್ನ ಎಬ್ಬಸವ್ರು ಯಾರೂ ಇಲ್ಲ."

"ಹಂಗಾರ ಅಲ್ಲೂ ಒಂದು ಅರಿವಿ ಕಟ್ರಿ."

"ಕಟ್ಟೇನಿ. ಅದನ್ನ ಯಾವಾಗೋ ಮಾಡೇನಿ. ಮಕ್ಕೊಳ್ಳೂಕ್ಕಿಂತ ಮೊದ್ಲ ಅರಿವಿ ಐತೇನು ನೋಡು ಅಂತ ಹೇಳೇನಿ. ಆದ್ರ ಕೇಳಿಲ್ಲಿ. ನೀ ಬಾಗಲದಾಗ ನಿಂತು ನೋಡಿದಿ, ಅರಿವಿ ಇಲ್ಲ. ಒಳಗ ತಿರುಗಿ ಚಾಪಿ ಮ್ಯಾಲ ತಲಿ ಇಡೂದ್ರಾಗ ಆಕಿ ಅರಿವಿನೂ ಕಟ್ಟಿ ತಾಟೂ ಬಡದ್ಲು. ಆಗ?"

"ಆಗ ನೀರಿಲ್ಲ."

"ಹಾಂ. ಅಲ್ಲೇ ಐತಿ. ಕಣ್ಣ ಪಿಳುಕಿಸೂವಷ್ಟ ಸಂದಿ. ನೋಡೂದು, ಮಕ್ಕೊಳ್ಳೂದು ಎರಡೂ ಕೂಡೇ ಆಗಬೇಕು, ನಡುವ ಯಾರೂ ಹೊಗಬಾರ್ದು. ಆ ಮಷೀನಿನೊಳಗ ಹಂಗ ಮಾಡೂ ಹಾದಿನ ಇಟ್ಟಿಲ್ಲ."

ಅಂದು ಅವರು ಊಟ ಮಾಡಿದರು, ಅಷ್ಟು ಸಾಕಾಗಿತ್ತು ನನಗೆ. ಆದರೆ ಆ ಸಂದಿಯ ಮಾತು ನನ್ನ ತಲೆಯಲ್ಲಿ ಉಳಿಯಿತು. ಜಪಕ್ಕೆ ಕೂತಾಗ, ದೇವರು ಎಂದೋ ಕರೆದಿರಬಹುದು, ನಾವು ಇತ್ತ ತಿರುಗಿದ್ದೆವೇನೋ ಎನ್ನಿಸಿ ಮಣಿ ಜಾರುತ್ತಿತ್ತು.

ಮಾಲಕರಿಗೆ ಇದನ್ನು ಹೇಗೆ ಹೇಳುವುದು? ಅವರು ಕೇಳುತ್ತಿದ್ದದ್ದು ಒಂದೇ ಮಾತು: "ಮುಂಜಾನಿಂದ ನಡದಿತ್ತಲ್ಲ, ಈಗ್ಯಾಕ ನಿಂತತು?" ಇವರು ವಿವರಿಸಲು ಹೋದಷ್ಟೂ ಅದು ನೆಪದಂತೆ ಕೇಳಿಸುತ್ತಿತ್ತಂತೆ. ಬೇಕೆಂದಾಗ ಆ ತಪ್ಪನ್ನು ಮಾಡಿ ತೋರಿಸಲೂ ಬರುವುದಿಲ್ಲ. ಮಾಲಕರು ಎದುರಿಗೆ ನಿಂತರೆ ಯಂತ್ರ ಸಾಧು ಆಕಳ ಹಾಗೆ ನಡೆಯುತ್ತಿತ್ತು. ಅವರು ಬೆನ್ನು ತಿರುಗಿಸಿದರೆ ಮಲಗುತ್ತಿತ್ತು.

ಕೊನೆಗೆ ಇವರು ಬೇರೆ ಹಾದಿ ಹಿಡಿದರು. ಮಲಗಿದ ಎಳೆ ಯಾರೂ ಕರೆಯದಿದ್ದರೂ ಸ್ವಲ್ಪ ಹೊತ್ತಿಗೊಮ್ಮೆ ತಾನೇ ಕಣ್ಣು ತೆರೆದು ಅರಿವೆ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಮತ್ತೆ ಮಲಗುವಂತೆ ಮಾಡಿದರು. ಸಂದಿ ಹಾಗೆಯೇ ಉಳಿಯಿತು, ಆದರೆ ಅದರಲ್ಲಿ ಬಿದ್ದದ್ದು ಬಹಳ ಹೊತ್ತು ಬಿದ್ದಿರುತ್ತಿರಲಿಲ್ಲ.

"ಇದೇನ ಶಾಣ್ಯಾತನ ಅಲ್ಲ," ಎಂದರು. "ಕೂಸಿನ ತೊಟ್ಲ ಹತ್ರ ಕುಂತು ನಿದ್ದಿ ಮಾಡಿದಂಗ."

"ಕೂಸು ಸುಖದಾಗಿದ್ರ ಸಾಕಲ್ರಿ," ಎಂದೆ ನಾನು. ಉಳವಿಯಿಂದ ತಂದ ವಿಭೂತಿ ಕಾಗದದಲ್ಲಿ ಕಟ್ಟಿ ಕೊಟ್ಟೆ, ಯಂತ್ರಕ್ಕೆ ಹಚ್ಚಿರಿ ಎಂದು. ಅದು ನಿಲ್ಲದೆ ನಡೆದರೆ ಉಳವಿಗೆ ಬರುತ್ತೇನೆಂದು ಹರಕೆಯನ್ನೂ ಹೊತ್ತೆ. ಅಂಥದಕ್ಕೆಲ್ಲ ನಗುವ ಮನುಷ್ಯ, ಅಂದು ನಗಲಿಲ್ಲ. ಸಂಜೆ ಬಂದಾಗ ಹೆಬ್ಬೆರಳು ಇನ್ನೂ ಬೆಳ್ಳಗಿತ್ತು.

ಯಂತ್ರ ಆಮೇಲೆ ನಿಲ್ಲಲಿಲ್ಲ. ಪಕ್ಕದವಳ ಗಂಡನೇ ಸಾಕ್ಷಿ. ನನ್ನ ಹರಕೆ ಮುಟ್ಟಿತು ಎಂದು ನಾನು ಉಳವಿಗೆ ಹೋಗುವ ದಿನ ನೋಡುತ್ತಿದ್ದೆ. ಆದರೆ ಮಾಲಕರು ಅಷ್ಟರೊಳಗೆ ಮನಸ್ಸು ಮಾಡಿ ಆಗಿತ್ತು. ಇವರನ್ನು ಕರೆದು, ಕೂರಿಸಿ, ಚಹಾ ಕೊಟ್ಟು ಹೇಳಿದರಂತೆ: "ನಿಮ್ಮ ದುಡಿಮಿ ಬಗ್ಗೆ ನನ್ನ ತಕರಾರಿಲ್ರಿ. ಆದ್ರ ಇನ್ನ ಚೀಟಿ ಕೈಲೆ ಬರಸ್ತೀವಿ, ಕೈಲೆ ಬರದ್ರ ಎಂದೂ ನಿಂದರೂದಿಲ್ಲ ನೋಡ್ರಿ."

"ಈಗ ನಿಂದರೂದಿಲ್ಲಲ್ರೀ, ಸರಿ ಮಾಡೇನಿ," ಎಂದರಂತೆ ಇವರು.

"ಮೊದ್ಲೂ ಹಂಗ ಅಂದಿದ್ರಿ."

ಹಿಂದೆ ಅರಿವೆ ಕಟ್ಟಿದಾಗ ಇವರು ಹಾಗೆ ಅಂದದ್ದು ಖರೆ. ತಿಂಗಳು ಮುಗಿಯುವುದರೊಳಗೆ ಮನೆ ಬಿಡಬೇಕಾಯಿತು. ಪಕ್ಕದವಳು ಬಂದು ನನ್ನ ಜೊತೆ ಪಾತ್ರೆ ಕಟ್ಟಿದಳು, ಅಂದು ಒಂದೂ ಚೇಷ್ಟೆ ಮಾಡಲಿಲ್ಲ. ಮಳೆ ಬರಲಿಲ್ಲ, ಸಾಮಾನು ತೊಯ್ಯಲಿಲ್ಲ. ದೇವರ ಜಗಲಿಯ ಗಂಟನ್ನು ಲಾರಿಯಲ್ಲಿ ಹಾಕದೆ ತೊಡೆಯ ಮೇಲಿಟ್ಟುಕೊಂಡು ಕೂರಲು ಡ್ರೈವರ್ ತನ್ನ ಪಕ್ಕದಲ್ಲಿ ಜಾಗ ಕೊಟ್ಟ.

ಮುಂಡಗೋಡದಲ್ಲಿ ನನ್ನ ಸೋದರಮಾವ ಒಂದು ಅಕ್ಕಿ ಗಿರಣಿಯಲ್ಲಿ ಇವರಿಗೆ ಕೆಲಸ ಕೊಡಿಸಿದ. ಭತ್ತದ ಚೀಲ ತೂಗಿದಾಗ ತೂಕ ಬರೆದುಕೊಳ್ಳುವುದು, ಕೈಯಿಂದಲೇ. ಬಾಡಿಗೆ ಮನೆ ಚಿಕ್ಕದು, ಕತ್ತಲೆ. ಗಿರಣಿಗೆ ನಡೆದೇ ಹೋಗಬಹುದಿತ್ತು. ಇವರು ಮಾತು ಕಡಿಮೆ ಮಾಡಿದರು. ಎಳೆ, ಸನ್ನೆ, ಸಂದಿ ಯಾವುದೂ ಅವರ ಬಾಯಿಂದ ಮತ್ತೆ ಬರಲಿಲ್ಲ. ನಾನಾಗಿ ಕೇಳಿದರೆ "ಬಿಡು" ಎನ್ನುತ್ತಿದ್ದರು. ಮುಂದೆ ಎಲ್ಲಿಯೂ ಅಂಥ ಕೆಲಸ ಹುಡುಕಲಿಲ್ಲ. ಹುಡುಕಿರಿ ಎನ್ನುವ ಧೈರ್ಯ ನನಗೂ ಆಗಲಿಲ್ಲ.

ಮುಂದಿನ ವರ್ಷ ಸಂತೆಯ ದಿನ ಅಂಬೇವಾಡಿಯ ಪಕ್ಕದ ಮನೆಯವಳು ತನ್ನ ತಂಗಿಯ ಊರಿಗೆ ಹೋಗುವವಳು ನಮ್ಮಲ್ಲಿ ಇಳಿದಳು. ಇವರು ಊಟಕ್ಕೆ ಬಂದಿದ್ದರು. ಅವಳಿಗೆ ತಡೆಯಲಾಗಲಿಲ್ಲ.

"ಸಾಹೇಬ್ರ, ನಿಮ್ಮ ಮಷೀನ್ ಹಂಗ ಮೂಲ್ಯಾಗ ಐತ್ರಿ. ಯಾರೂ ಮುಟ್ಟಿಲ್ಲ. ಮ್ಯಾಲ ಗೋಣಿತಟ್ಟು ಹೊಚ್ಯಾರ. ನಮ್ಮ ಮನಿಯಾವ ಅದರ ಮ್ಯಾಲ ಬುತ್ತಿ ಡಬ್ಬಿ ಇಡ್ತಾನ ನೋಡ್ರಿ, ನಾ ಬೈದೇನಿ."

ನಾನು ಹೆದರಿ ಇವರ ಮುಖ ನೋಡಿದೆ. ಅವರು ಕೈಯಲ್ಲಿದ್ದ ತುತ್ತನ್ನು ತಾಟಿಗೆ ಮರಳಿ ಇಟ್ಟರು.

"ಗೋಣಿ ಹೊಚ್ಯಾರಂದ್ರ ಚಲೋ ಆತು," ಎಂದರು. "ಧೂಳು ಹೊಗೂದಿಲ್ಲ."

ಆಮೇಲೆ ಕೈ ತೊಳೆದುಕೊಂಡು ಗಿರಣಿಗೆ ಹೋದರು.