ಬೀಗರೂಟದ ಮಾರನೆಯ ದಿನ

ಗಿರಿಜಮ್ಮ, ನಿನ್ನ ಗಂಡ ರಂಗಪ್ಪ ಅವತ್ತು ಕುಡಿದಿರಲಿಲ್ಲ. ಕುಡಿದಿದ್ದ ಅಂತ ಹೇಳಿದವನು ನಾನು. ಸುಳ್ಳು ಅಂತ ಗೊತ್ತಿದ್ದೇ ಹೇಳಿದೆ.

ಕೆರೆ ಹಿಂದಿನ ಸೌದೆ ಕರೆಂಟಿನ ಘಟಕ ನೀನು ಮರೆತಿರಲಾರೆ. ನೀವು ಹೆಂಗಸರು ಸಂಘ ಕಟ್ಟಿಕೊಂಡು ಗೋಮಾಳದಲ್ಲಿ ನೀಲಗಿರಿ ಬೆಳೆಸಿದಿರಿ. ಬುಡ ಉಳಿಸಿ ಕಡಿದು, ಮತ್ತೆ ಚಿಗುರಿ ಬಲಿಯುವವರೆಗೆ ಆ ಸಾಲಿಗೆ ಕೈಹಾಕುತ್ತಿರಲಿಲ್ಲ. ಆ ಸೌದೆಯನ್ನು ದೊಡ್ಡ ಕಬ್ಬಿಣದ ಒಲೆಯಲ್ಲಿ ಅರೆಬರೆ ಸುಟ್ಟು, ಬಂದ ಗ್ಯಾಸಿನಿಂದ ಎಂಜಿನ್ ಓಡಿಸಿ, ಕೊರಟಗೆರೆ ಲೈನಿಗೆ ಕರೆಂಟು ಬಿಡುತ್ತಿದ್ದೆವು. ನಾನು ಆಪರೇಟರ್, ರಂಗಪ್ಪ ಮೇಲೆ ಹತ್ತಿ ಸೌದೆ ತುಂಬುವವನು. ಊರಿಗೆ ಬೆಳಕು ಕೊಡುವವನು ಅಂತ ನಾನು ಸ್ವಲ್ಪ ಮೆರೆಯುತ್ತಲೂ ಇದ್ದೆ.

ಅವತ್ತು ಘಟಕ ನೋಡಲು ದೊಡ್ಡವರು ಬರುವವರಿದ್ದರು. ಒಣಗಿದ ಸೌದೆ ಮುಗಿದಿತ್ತು. ಉಳಿದದ್ದು ಹಸಿ, ಇನ್ನೂ ಬಿಸಿಲು ಕಾಣಬೇಕು ಅಂತ ನೀನೇ ಹೇಳಿದ್ದೆ. ಕೇಳದೆ ತುಂಬಿಸಿದೆ. ಸೌದೆ ಒಲೆಯೊಳಗೆ ಸಿಕ್ಕಿಕೊಂಡಿತು, ಫಿಲ್ಟರಿಗೆ ಜಿಡ್ಡು ಕಟ್ಟಿತು. ಫಿಲ್ಟರ್ ಬಿಚ್ಚಲು, ಗ್ಯಾಸನ್ನು ಕೆಳಕ್ಕೆಳೆಯುವ ಫ್ಯಾನ್ ನಿಲ್ಲಿಸಿದೆ. ಫ್ಯಾನ್ ನಿಂತರೆ ಗ್ಯಾಸು ಮೇಲಿನ ಬಾಯಿಂದ ಬರುತ್ತದೆ — ಅದರೊಳಗಿನ ವಿಷಕ್ಕೆ ವಾಸನೆಯೂ ಇಲ್ಲ, ತಿಳಿಯುವ ಮೊದಲೇ ಕಾಲು ಸೋಲುತ್ತದೆ. ತರಬೇತಿಯಲ್ಲಿ ನನಗೆ ಮೊಟ್ಟಮೊದಲು ಹೇಳಿಕೊಟ್ಟದ್ದೇ ಇದು.

ಅಷ್ಟರಲ್ಲಿ ಗೇಟಿನ ಹತ್ತಿರ ಜೀಪು ಕಂಡಿತು. ಫ್ಯಾನ್ ಹಾಕದೆಯೇ, ಮೇಲೆ ಹತ್ತಿ ಸಲಾಕೆಯಿಂದ ಬೇಗ ಕುಟ್ಟು ಅಂತ ರಂಗಪ್ಪನನ್ನು ಕಳಿಸಿದೆ. ಮರೆತಿದ್ದೆ ಅಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಎರಡು ನಿಮಿಷಕ್ಕೆ ಏನಾಗುತ್ತೆ ಅಂದುಕೊಂಡೆ — ಅಷ್ಟೆ.

ಅವನು ಮೇಲಿಂದ ಮೂಟೆಯ ಹಾಗೆ ಬಿದ್ದ. ಬಂದವರು ಏನಾಯಿತು ಅಂತ ಕೇಳಿದರು. ಹಿಂದಿನ ದಿನ ಊರಲ್ಲಿ ಬೀಗರೂಟ — ಬಾಡೂಟ, ಜತೆಗೆ ಕುಡಿತ. ರಂಗಪ್ಪ ನನ್ನ ಪಕ್ಕದಲ್ಲೇ ಕೂತು ಉಂಡಿದ್ದ, ತೊಟ್ಟೂ ಮುಟ್ಟಿರಲಿಲ್ಲ. ಆದರೂ ನನ್ನ ಬಾಯಿಂದ ಬಂತು:

"ಬೀಗರೂಟದಾಗೆ ಕುಡ್ದವ್ನೆ ಸಾ, ಇನ್ನೂ ಇಳ್ದಿಲ್ಲ."

ಆಸ್ಪತ್ರೆಯಲ್ಲಿ ಡಾಕ್ಟರಿಗೂ ಅದನ್ನೇ ಹೇಳಿದೆ. ಗ್ಯಾಸು ಅನ್ನುವ ಒಂದೇ ಒಂದು ಮಾತು ಆಡಿದ್ದರೆ ಅವರು ಆಗಲೇ ಆಕ್ಸಿಜನ್ ಕೊಡುತ್ತಿದ್ದರು, ಅವನ ತಲೆ ಪ್ರಾಯಶಃ —

ಎದ್ದವನಿಗೆ ಬೀಗರೂಟವೇ ನೆನಪಿರಲಿಲ್ಲ. ಕೈ ನಡುಗಿತು, ಹೊಸ ಮಾತು ತಲೆಯಲ್ಲಿ ನಿಲ್ಲದಾಯಿತು. ಊರು ಅದನ್ನೂ ಕುಡಿತದ ಮೇಲೆ ಹಾಕಿತು. ನೀನು ಅವನನ್ನು ದೇವರ ಮುಂದೆ ನಿಲ್ಲಿಸಿ ಆಣೆ ಮಾಡಿಸಿದೆ. ಎಂದೂ ಕುಡಿಯದವನು ಇನ್ನು ಕುಡಿಯುವುದಿಲ್ಲ ಅಂತ ಕರ್ಪೂರ ಮುಟ್ಟಿದ. ನಾನು ಸಾಕ್ಷಿಯಾಗಿ ಪಕ್ಕದಲ್ಲೇ ನಿಂತಿದ್ದೆ, ನಿನಗೆ ಸಮಾಧಾನವನ್ನೂ ಹೇಳಿದೆ. ಎಂಥ ನೀಚ ನಾನು. ಇಷ್ಟು ವರ್ಷ ದಿನಾ ಕೇಳಿ ಕೇಳಿ ಅದೊಂದು ಮಾತು ಮಾತ್ರ ಅವನ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ — ತಾನು ಕುಡುಕ ಅಂತ.

ಹೋದ ತಿಂಗಳು, ನೀನು ಮಧುಗಿರಿ ಸಂತೆಗೆ ಹೋಗಿದ್ದಾಗ, ಅವನ ಕಾಲು ಹಿಡಿದು ಎಲ್ಲ ಹೇಳಿಬಿಟ್ಟೆ. ಅವನ ಕಣ್ಣಲ್ಲಿ ನೀರು ಬಂತು. "ಅಂಗಾದ್ರೆ ನಾನು ಕುಡ್ದಿರ್ಲಿಲ್ವಾ ಮಂಜಣ್ಣ?" ಅಂದ. ಅವತ್ತು ಮನೆಗೆ ಬಂದು ಹೊಟ್ಟೆ ತುಂಬಾ ಉಂಡೆ.

ನಾಲ್ಕು ದಿನ ಕಳೆದು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. ನನ್ನ ಎರಡೂ ಕೈ ಹಿಡಿದುಕೊಂಡ.

"ಅವತ್ತು ಕುಡ್ದು ಬಂದು ದೊಡ್ಡೋರ ಮುಂದೆ ನಿನ್ ಮರ್ವಾದೆ ಕಳ್ದ್ಬುಟ್ಟೆ ಕಣಣ್ಣ. ಮನ್ಸಿಗೆ ಹಾಕ್ಕೋಬ್ಯಾಡ."

ಗಿರಿಜಮ್ಮ, ಮರೆಯುವವನಿಗೇ ಹೋಗಿ ಹೇಳಿದ್ದೆ ನಾನು. ನೀನು ಮರೆಯುವವಳಲ್ಲ; ಅದಕ್ಕೇ ಇಷ್ಟು ದಿನ ನಿನ್ನ ಮುಂದೆ ಬಾಯಿ ಬಿಡಲಿಲ್ಲ. ಊರ ಮುಂದೆ ಕರೆಸು, ಅಲ್ಲೂ ಇದನ್ನೇ ಹೇಳುತ್ತೇನೆ. ಆಮೇಲೆ ದಿನಾ ಬೆಳಗ್ಗೆ ಬಂದು ಅವನಿಗೆ ಹೇಳುತ್ತೇನೆ, ಅವನ ತಲೆಯಲ್ಲಿ ನಿಲ್ಲುವವರೆಗೂ — ನೀನು ಬಾಗಿಲು ತೆಗೆದರೆ.